ಮೆಸ್ಸಕ್ಕನ ಕೈಗುಣ

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷಗಳಿಂದ ಕ್ಯಾನ್ಸರಿಗೆ ಊಟ ಹಾಕುತ್ತಿದ್ದಾಳೆ. ಹೀಗೆ ನೇರವಾಗಿ ಹೇಳಿದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದಕ್ಕೇ ಮನೆಗೆ ಬಂದ ನೆಂಟರು "ನಿಮ್ಮ ಮನೆಯವರು ಎಲ್ಲಿ ಕೆಲಸ ಮಾಡೋದು?" ಎಂದು ಕೇಳಿದಾಗ ಚಿಕ್ಕಪ್ಪ "ಒಂದು ಮೆಸ್ಸಲ್ಲಿ" ಎಂದು ಮಾತು ಮುಗಿಸುತ್ತಾನೆ. ಅದು ಪೂರ್ತಿ ಸುಳ್ಳೂ ಅಲ್ಲ. ಅವಳು ಕೆಲಸ ಮಾಡುವ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಅವಳನ್ನು ಕರೆಯುವುದೇ ಮೆಸ್ಸಕ್ಕ ಎಂದು.

ಆ ಮೆಸ್ಸಿನಲ್ಲಿ ಉಣ್ಣುವವರು ಮನುಷ್ಯರಲ್ಲ, ಮನುಷ್ಯರ ಚೂರುಗಳು. ಯಾವ ಕಾಲದಲ್ಲೋ ಯಾರದೋ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಕೋಶಗಳು. ಆ ಮನುಷ್ಯ ಹೋಗಿ ಎಷ್ಟೋ ವರ್ಷಗಳಾದವು. ಇವು ಮಾತ್ರ ಮನೆ ಯಜಮಾನ ಸತ್ತರೂ ಜಾಗ ಬಿಡದ ಬಾಡಿಗೆದಾರರ ಹಾಗೆ ಇನ್ನೂ ಇವೆ, ದಿನ ಬೆಳಗಾದರೆ ಒಂದು ಇದ್ದದ್ದು ಎರಡಾಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಡಿಶ್‌ಗಳ ತಳಕ್ಕೆ ಅಂಟಿಕೊಂಡು, ಮನುಷ್ಯರ ಮೈಯಷ್ಟೇ ಬಿಸಿಯಿರುವ ಒಂದು ಪೆಟ್ಟಿಗೆಯೊಳಗೆ ಕೂತಿರುತ್ತವೆ. ಅವುಗಳ ಮೇಲೆ ಕೆಂಪು ನೀರು. ಅದಕ್ಕೆ ಮೀಡಿಯಾ ಎಂದು ಹೆಸರು, ಅದೇ ಊಟ. ಕೋಶಗಳು ತಿಂದು ಹೊಲಸು ಮಾಡಿದ ಹಾಗೆಲ್ಲ ಆ ಕೆಂಪು ಕಿತ್ತಳೆಯಾಗುತ್ತದೆ, ಆಮೇಲೆ ಹಳದಿಯಾಗುತ್ತದೆ. ಹಳದಿಯಾಯಿತೆಂದರೆ ತಟ್ಟೆಯಲ್ಲಿ ಎಂಜಲು ಮಾತ್ರ ಉಳಿದಿದೆ ಎಂದರ್ಥ.

"ಹೇಳೋದಕ್ಕೆ ಬಾಯಿಲ್ಲ, ಬಣ್ಣ ಇದೆ. ಹಸಿವಾದ್ರೆ ಮುಖ ಊದಿಸ್ಕೊಂಡು ಕೂರಲ್ಲ. ನಿಮ್ಮ ಚಿಕ್ಕಪ್ಪನಿಗಿಂತ ವಾಸಿ," ಎನ್ನುತ್ತಾಳೆ ಚಿಕ್ಕಮ್ಮ.

ಅವಳು ಅಲ್ಲಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಹತ್ತನೆಯ ತರಗತಿಯ ಗಣಿತ ಎರಡು ಸಲ ಅವಳನ್ನು ಕೆಡವಿತ್ತು. ಮೂರನೆಯ ಸಲ ಬೀಳುವ ಬದಲು ಅವಳು ಸಿಂಕಿನ ಮುಂದೆ ನಿಂತಳು. ಮೂರು ವರ್ಷ ತೊಳೆದ ಮೇಲೆ, ಕೋಶಗಳನ್ನು ನೋಡಿಕೊಳ್ಳುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಲ್ಯಾಬಿನ ಮುಖ್ಯಸ್ಥರು ಅವಳನ್ನು ಕರೆದು ಕೋಣೆಯ ಕೀಲಿ ಕೊಟ್ಟರು. ಅವರನ್ನು ಎಲ್ಲರೂ ಸರ್ ಎಂದೇ ಕರೆಯುತ್ತಾರೆ, ಅವರ ಹೆಂಡತಿ ಕೂಡ ಫೋನಿನಲ್ಲಿ ಹಾಗೇ ಕರೆಯುತ್ತಾರೆ ಎಂದು ಹುಡುಗರು ಹೇಳುತ್ತಾರೆ. ಸರ್ ಅವತ್ತು ಕೀಲಿಯ ಜೊತೆ ಒಂದು ಎಚ್ಚರಿಕೆಯನ್ನೂ ಕೊಟ್ಟರು.

"ಶೀಟಲ್ಲಿ ಬರೆದಿರೋದಷ್ಟೇ ಮಾಡಮ್ಮ. ಹೇಳದೆ ಒಂದು ಡಿಶ್ ಮುಟ್ಟಿದ್ರೂ ಕೀಲಿ ವಾಪಸ್."

ಶೀಟು ಎಂದರೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ ಏಳು ಸಾಲುಗಳ ಒಂದು ಹಾಳೆ. ಚಿಕ್ಕಮ್ಮನಿಗೆ ಹದಿಮೂರರ ಮಗ್ಗಿ ಇವತ್ತಿಗೂ ಬರುವುದಿಲ್ಲ, ಆದರೆ ಆ ಏಳು ಸಾಲು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತವೆ. ಕೀಲಿಯನ್ನು ನೀಲಿ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡವಳು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಾಳೆ.

ಕ್ರಮೇಣ ಲ್ಯಾಬಿನಲ್ಲಿ ಒಂದು ನಂಬಿಕೆ ಬೆಳೆಯಿತು. ಮೆಸ್ಸಕ್ಕ ಬೆಳೆಸಿಕೊಟ್ಟ ಕೋಶಗಳಲ್ಲಿ ಮಾಡಿದ ಪ್ರಯೋಗ ಕೈಕೊಡುವುದಿಲ್ಲ. ಬುದ್ಧಿವಂತಿಕೆ ತೋರಿಸಲು ತಾವೇ ಬೆಳೆಸಿಕೊಂಡವರ ಪ್ರಯೋಗ ನೆಟ್ಟಗಾಗುವುದಿಲ್ಲ. ಅವರೆಲ್ಲ ಎರಡು ಸಲ ಸೋತು, ಮೂರನೆಯ ಸಲ ಬಿಸ್ಕತ್ತು ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದರು. "ಅಕ್ಕಾ, ನಿಮ್ಮ ಕೈಗುಣ. ಸ್ವಲ್ಪ ಮುಟ್ಟಿಕೊಡಿ." ಜಗತ್ತಿನಲ್ಲಿ ಯಾವುದನ್ನೂ ಪುರಾವೆಯಿಲ್ಲದೆ ನಂಬಬಾರದು ಎಂದು ಓದಿಕೊಂಡವರು ಇವರು. ಚಿಕ್ಕಮ್ಮ ಬಿಸ್ಕತ್ತು ತಿಂದು ಮುಟ್ಟಿಕೊಡುತ್ತಿದ್ದಳು. ಮನೆಯಲ್ಲಿ ಅವಳು ಮಾಡಿದ ಟೀಯನ್ನು ಯಾರೂ ಹೊಗಳಿದ್ದಿಲ್ಲ. ಕೈಗುಣ ಎಂಬ ಒಂದು ಮಾತೇ ಅವಳ ಆಸ್ತಿ.

ಆ ಲ್ಯಾಬಿನ ಕಸುಬೇ ಕೋಶಗಳನ್ನು ಉಪವಾಸ ಕೆಡವುವುದು. ಯಾಕೆಂದು ಚಿಕ್ಕಮ್ಮ ನಮಗೆಲ್ಲ ವಿವರಿಸಿದ್ದಾಳೆ. ಕೋಶವೆಂದರೆ ಒಂದು ಮನೆ. ಊಟ ಬರುತ್ತಿರುವವರೆಗೆ ಒಂದು ಪ್ರೋಟೀನು ಕಾವಲುಗಾರನ ಹಾಗೆ ಕೂತು, ಮನೆಯ ಸಾಮಾನನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುತ್ತದೆ. ಊಟ ನಿಂತಿತೋ, ಕಾವಲುಗಾರ ಸುಮ್ಮನಾಗುತ್ತಾನೆ. ಆಗ ಬೇರೆ ಪ್ರೋಟೀನುಗಳು ಎದ್ದು ಮುರುಕು ಕುರ್ಚಿ, ಹರಕು ಚಾಪೆ ಎಲ್ಲವನ್ನೂ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಮ್ಲ ತುಂಬಿದ ಒಂದು ಗುಂಡಿಗೆ ಹಾಕುತ್ತವೆ. ಅಲ್ಲಿ ಕರಗಿ ಬಂದದ್ದೇ ಆ ಹೊತ್ತಿನ ಊಟ. ತನ್ನನ್ನು ತಾನೇ ತಿಂದು ಬದುಕುವ ಈ ವಿದ್ಯೆಗೆ ಆಟೋಫೇಜಿ ಎನ್ನುತ್ತಾರೆ. ಒಳ್ಳೆಯ ಕೋಶಕ್ಕೆ ಇದು ಮನೆ ಗುಡಿಸುವ ಕೆಲಸ. ಕ್ಯಾನ್ಸರ್ ಕೋಶಕ್ಕೆ ಮಾತ್ರ ಇದು ಕಷ್ಟಕಾಲ ದಾಟುವ ಉಪಾಯ. ಔಷಧಿ ಹಾಕಿ, ಹೊರಗಿನ ಪೂರೈಕೆ ನಿಲ್ಲಿಸಿ, ಇನ್ನೇನು ಸತ್ತಿತು ಎಂದುಕೊಂಡರೆ, ಅದು ಒಳಗೆ ಕೂತು ತನ್ನ ಕುರ್ಚಿಯನ್ನೇ ಅಗಿಯುತ್ತಾ ಒಳ್ಳೆಯ ದಿನಕ್ಕಾಗಿ ಕಾಯುತ್ತಿರುತ್ತದೆ.

"ಹಾಳಾದವಕ್ಕೆ ಸಂಸಾರ ನಡೆಸೋಕೆ ಬರುತ್ತೆ," ಎಂದು ಚಿಕ್ಕಮ್ಮ ಹೊಗಳುತ್ತಾಳೆ.

ಎಂಟು ವರ್ಷದ ಹಿಂದೆ ಈ ಲ್ಯಾಬಿಗೆ ಹೆಸರು ಬಂದದ್ದು ಅಂಥ ಒಂದು ಪ್ರೋಟೀನಿನಿಂದ. ಲ್ಯಾಬಿನವರು ಮಾಡಿಕೊಂಡ ಪ್ರೋಟೀನುಗಳ ಪಟ್ಟಿಯಲ್ಲಿ ಹದಿನೇಳನೆಯದು, ಆದ್ದರಿಂದ ಎಲ್ಲರೂ ಅದನ್ನು ಹದಿನೇಳು ಎನ್ನುತ್ತಾರೆ. ಚೀಲದ ಬಾಯಿ ಕಟ್ಟುವ ಕೆಲಸ ಅದರದ್ದು. ಹದಿನೇಳನ್ನು ಸುಮ್ಮನಾಗಿಸಿದರೆ ಚೀಲ ಕಟ್ಟುವವರಿಲ್ಲದೆ, ಹಸಿದ ಕ್ಯಾನ್ಸರ್ ಕೋಶ ತನ್ನನ್ನು ತಾನು ತಿನ್ನಲಾರದೆ ಸಾಯುತ್ತದೆ. ಹೊಟ್ಟೆ ತುಂಬಿದ ಕೋಶಕ್ಕೆ ಏನೂ ಆಗುವುದಿಲ್ಲ. ಹಾಗೆಂದು ಸರ್ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಬೇರೆ ಊರುಗಳ ಮೂರು ಲ್ಯಾಬಿನವರು "ನಮಗೆ ಹಾಗೆ ಬರುತ್ತಿಲ್ಲ" ಎಂದು ಕಾಗದ ಬರೆದರು. "ಇನ್ನೂ ಅಭ್ಯಾಸ ಮಾಡಿ" ಎಂದು ಸರ್ ಮೂವರಿಗೂ ಉತ್ತರಿಸಿದರು. "ಅವರ ಹತ್ರ ಮೆಸ್ಸಕ್ಕ ಇಲ್ವಲ್ಲ," ಎಂದು ಟೀ ಕುಡಿಯುತ್ತಾ ನಕ್ಕಿದ್ದೂ ಉಂಟು.

ಮೂರು ವರ್ಷದ ಹಿಂದೆ ಒಬ್ಬಳು ಹುಡುಗಿ ಹದಿನೇಳರ ಮೇಲೆಯೇ ಪಿಎಚ್‌ಡಿ ಮಾಡಲು ಬಂದಳು. ಸಣ್ಣ ಆಕಾರ, ದಪ್ಪ ಕನ್ನಡಕ, ಮೊಂಡು ಎಂದರೆ ಮೊಂಡು. ಮೊದಲ ಎರಡು ವರ್ಷ ಹದಿನೇಳನ್ನು ಸುಮ್ಮನಾಗಿಸುವ ಮದ್ದು ಹದಕ್ಕೆ ತರುವುದರಲ್ಲೇ ಕಳೆದವು. ಕೋಶಗಳಿಗೆ ಕೈ ಹಾಕುವ ಹೊತ್ತು ಬಂದಾಗ ಅವಳು ಚಿಕ್ಕಮ್ಮನ ಮುಂದೆ ನಿಂತು ಹೇಳಿದಳು.

"ಅಕ್ಕಾ, ತಪ್ಪು ತಿಳೀಬೇಡಿ. ಮೊದಲನೇ ದಿನದಿಂದ ಕೊನೇವರೆಗೂ ನಾನೇ ಮಾಡ್ತೀನಿ. ನನ್ನ ಹೆಸರಲ್ಲಿ ಬರೋ ಕೆಲಸ ನನ್ನ ಕೈಯಲ್ಲೇ ಆಗ್ಬೇಕು."

"ಮಾಡು ತಾಯಿ. ನಾನೇನು ಅಡ್ಡ ಬಂದೆನಾ?"

ಆ ಹುಡುಗಿ ತನ್ನ ಡಿಶ್‌ಗಳ ಮೇಲೆ ಕಪ್ಪು ಪೆನ್ನಿನಲ್ಲಿ ದಪ್ಪಗೆ "ಮುಟ್ಟಬೇಡಿ" ಎಂದು ಬರೆದು ಇಟ್ಟಳು. ಕೋಣೆಯ ಬಾಗಿಲು ತೆರೆದು ಮುಚ್ಚುವವಳು, ದಿನವಿಡೀ ಅಲ್ಲಿರುವವಳು ಚಿಕ್ಕಮ್ಮ ಒಬ್ಬಳೇ. ಆ ಎರಡು ಅಂಗುಲದ ಬರಹ ಯಾರಿಗೆಂದು ಕೇಳಬೇಕಾಗಿರಲಿಲ್ಲ. ಅವತ್ತಿನಿಂದ ಲ್ಯಾಬಿನಲ್ಲಿ ಹುಡುಗಿಯ ಹೆಸರೇ ಮುಟ್ಟಬೇಡಿ ಎಂದಾಯಿತು. ಆ ಹೆಸರನ್ನು ಹಬ್ಬಿಸಿದ್ದು ನಾನಲ್ಲ ಎಂದು ಚಿಕ್ಕಮ್ಮ ಹೇಳುತ್ತಾಳೆ. ನಾವು ನಂಬುವುದಿಲ್ಲ.

ಪ್ರಯೋಗಕ್ಕೆ ನಾಲ್ಕು ಡಿಶ್. ಎರಡರಲ್ಲಿ ಹದಿನೇಳು ಇರುತ್ತದೆ, ಎರಡರಲ್ಲಿ ಸುಮ್ಮನಾಗಿರುತ್ತದೆ. ಮೊದಲ ದಿನ ಕೋಶಗಳನ್ನು ಹರಡಬೇಕು. ನಾಲ್ಕನೆಯ ದಿನ ಬೆಳಿಗ್ಗೆ ಎರಡೂ ಜೋಡಿಯಿಂದ ಒಂದೊಂದು ಡಿಶ್ ತೆಗೆದುಕೊಂಡು, ಮೀಡಿಯಾ ಹೀರಿ ತೆಗೆದು ಉಪವಾಸದ ನೀರು ಹಾಕಬೇಕು. ಉಳಿದೆರಡು ಊಟದ ಡಿಶ್‌ಗಳನ್ನು ಇದ್ದ ಹಾಗೇ ಬಿಡಬೇಕು. ಸಂಜೆ ಎಲ್ಲಕ್ಕೂ ನೀಲಿ ಬಣ್ಣ ಬೆರೆಸಿ ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಬದುಕಿದ ಕೋಶ ನೀಲಿಯನ್ನು ಹೊರಗೇ ನಿಲ್ಲಿಸುತ್ತದೆ, ಸತ್ತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ನಾಲ್ಕರಲ್ಲಿ ಒಂದೇ ಒಂದು ಡಿಶ್ ಸಾಯಬೇಕು: ಹದಿನೇಳೂ ಇಲ್ಲ, ಊಟವೂ ಇಲ್ಲ ಎಂಬ ಡಿಶ್.

ಮುಟ್ಟಬೇಡಿಯ ಕೈಯಲ್ಲಿ ಎರಡು ಸತ್ತವು. ಊಟ ಇದ್ದರೂ ಇಲ್ಲದಿದ್ದರೂ, ಹದಿನೇಳು ಇಲ್ಲದ ಕಡೆಯೆಲ್ಲ ನೀಲಿಯೋ ನೀಲಿ. ಮತ್ತೆ ಮಾಡಿದಳು, ಮತ್ತೆ ಎರಡು. ಐದು ತಿಂಗಳಲ್ಲಿ ಐದು ಸಲ ಮಾಡಿದಳು. ಒಂದೊಂದು ಸಲ ಊಟದ ಡಿಶ್‌ನಲ್ಲಿ ಸ್ವಲ್ಪ ಕಡಿಮೆ ಸತ್ತಿರುತ್ತಿದ್ದವು, ಅಷ್ಟೇ. ಇದರ ಅರ್ಥ ಕೆಟ್ಟದ್ದು. ಹದಿನೇಳಕ್ಕೂ ಹಸಿವಿಗೂ ಸಂಬಂಧವಿಲ್ಲ, ಅದನ್ನು ತೆಗೆದರೆ ಕೋಶ ಹೇಗಿದ್ದರೂ ಸಾಯುತ್ತದೆ ಎಂದಾಯಿತು. ಹಾಗಾದರೆ ಅದರ ಮೇಲೆ ಪಿಎಚ್‌ಡಿ ಏನು ಬಂತು, ಹಾಗೆ ನೋಡಿದರೆ ತಲೆ ತೆಗೆದರೂ ಮನುಷ್ಯ ಸಾಯುತ್ತಾನೆ.

ಸರ್ ಟೇಬಲ್ಲಿನ ಮೇಲಿನ ಕ್ಯಾಲೆಂಡರ್ ತಿರುಗಿಸಿ ತೋರಿಸಿದರು. ಪರಿಶೀಲನಾ ಸಮಿತಿ ಬರಲು ಇಪ್ಪತ್ತು ದಿನ ಇತ್ತು. "ಅಷ್ಟರಲ್ಲಿ ನಿನ್ನ ಕೈಯಿಂದ ಎರಡು ಸಲ ಸರಿಯಾಗಿ ಬರದಿದ್ರೆ ಈ ವಿಷಯ ಇಲ್ಲಿಗೆ ಮುಗೀತಮ್ಮ. ಮೂರು ವರ್ಷ ಅಂತ ನಾನೂ ನೋಡಕ್ಕಾಗಲ್ಲ." ವಿಷಯ ಮುಗಿದರೆ ಹೊಸದಾಗಿ ಶುರು ಮಾಡಲು ಅವಳಿಗೆ ವರ್ಷಗಳು ಉಳಿದಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋಗುವುದೇ.

ಅವತ್ತು ಮಧ್ಯಾಹ್ನ ಮುಟ್ಟಬೇಡಿ ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ, ಕನ್ನಡಕ ತೊಳೆಯುತ್ತಿದ್ದಳು. ಮೂರನೆಯ ಸಲ ತೊಳೆಯುವಾಗ ಚಿಕ್ಕಮ್ಮ ಕೇಳಿದಳು.

"ಗಾಜು ಸವೆಸ್ತೀಯೇನೇ?"

"ಅಕ್ಕಾ, ಒಂದ್ಸಲ ನೀವು ಬೆಳೆಸಿಕೊಡ್ತೀರಾ?"

ಐದು ತಿಂಗಳು ಕಾದ ಮಾತು ಅದು. ಚಿಕ್ಕಮ್ಮ ಕೈ ಒರೆಸಿಕೊಂಡು, ತುಸು ಹೊತ್ತು ಯೋಚಿಸುವವಳ ಹಾಗೆ ನಟಿಸಿ, "ಬಿಸ್ಕತ್ತು ತಂದಿದೀಯಾ?" ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ನಾಲ್ಕು ಡಿಶ್ ತೆಗೆದುಕೊಟ್ಟಳು. ಸಂಜೆ ಎಣಿಸಿದರೆ ಒಂದೇ ಒಂದು ಸತ್ತಿತ್ತು. ಸಾಯಬೇಕಾದದ್ದೇ ಸತ್ತಿತ್ತು. ಪಕ್ಕದ ಬೆಂಚಿನ ಹುಡುಗರು ಚಪ್ಪಾಳೆ ತಟ್ಟಿದರು. "ನೋಡಿದ್ಯಾ? ಕೈಗುಣ ಅಂದ್ರೆ ಕೈಗುಣ!"

ಮುಟ್ಟಬೇಡಿಯ ಮುಖ ಮಾತ್ರ ಅರಳಲಿಲ್ಲ. "ಸಮಿತಿಯವರು ಹೇಗೆ ಮಾಡಿದೆ ಅಂತ ಕೇಳಿದ್ರೆ ಮೆಸ್ಸಕ್ಕನ ಕೈಗುಣ ಅಂತ ಬರೀಲಾ? ಅದೇ ಸೆಲ್ಲು, ಅದೇ ಬಾಟಲಿ, ಅದೇ ಶೀಟು. ನೀವು ಬೇರೆ ಏನ್ ಮಾಡಿದ್ರಿ ಅಕ್ಕಾ?"

"ಏನೂ ಇಲ್ವೇ. ಶೀಟಲ್ಲಿ ಇದ್ದಿದ್ದೇ."

ಹೇಳುವಾಗ ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ಮನೆ ಬಿಡುವಾಗ ನಲ್ಲಿ ತಿರುಗಿಸಿ ನಿಲ್ಲಿಸುವುದನ್ನು ಯಾರಾದರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಆ ದಿನಗಳಲ್ಲಿ ಚಿಕ್ಕಪ್ಪನೂ ಒಂದು ಪ್ರಯೋಗಕ್ಕೆ ಇಳಿದಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು, ಎರಡು ಮಹಡಿಗಳ ಮಧ್ಯೆ ಬಿಡುವು ಸಿಕ್ಕಾಗಲೆಲ್ಲ ಫೋನು ನೋಡುತ್ತಾನೆ. ಹದಿನಾರು ಗಂಟೆ ಏನೂ ತಿನ್ನದಿದ್ದರೆ ದೇಹ ತನ್ನ ಕಸವನ್ನು ತಾನೇ ತಿಂದು ಹತ್ತು ವರ್ಷ ಚಿಕ್ಕದಾಗುತ್ತದೆ ಎಂದು ಫೋನು ಹೇಳಿತ್ತು. ಹಾಗಾಗಿ ವಾರಕ್ಕೆ ಎರಡು ದಿನ ಮನೆಯಲ್ಲಿ ಉಪವಾಸ. ಉಪವಾಸದ ಹಿಂದಿನ ಸಂಜೆ ಅವನು ತಿನ್ನುವುದನ್ನು ನೋಡಬೇಕು. ಚಿಕ್ಕಮ್ಮನ ಡಿಶ್‌ಗಳನ್ನು ಎಣಿಸಿದ ಆ ಸಂಜೆಯೂ ಆರು ಮೊಟ್ಟೆ, ಒಂದು ಇಡೀ ಬ್ರೆಡ್ಡು, ನಾಲ್ಕು ಬಾಳೆಹಣ್ಣು ಮುಂದಿಟ್ಟುಕೊಂಡು ಕೂತಿದ್ದ.

"ಇದೇನ್ರೀ ಉಪವಾಸನಾ, ಬೀಗರ ಊಟನಾ?"

"ನಾಳೆ ಸಿಗಲ್ಲ ಅಂತ ಗೊತ್ತಿದ್ಮೇಲೆ ಇವತ್ತು ತುಂಬಿಸ್ಕೋಬೇಕು ಕಣೇ. ಇಲ್ಲಾಂದ್ರೆ ಅರ್ಧ ಹಸಿವಲ್ಲಿ ಶುರು ಮಾಡ್ದಂಗಾಗುತ್ತೆ. ನಿನಗೆಲ್ಲಿ ಅರ್ಥ ಆಗ್ಬೇಕು ಇದೆಲ್ಲ."

ಚಿಕ್ಕಮ್ಮನ ಕೈಯಲ್ಲಿದ್ದ ಟೀ ಲೋಟ ಅರ್ಧದಲ್ಲೇ ನಿಂತಿತು.

ನಮ್ಮ ಅಜ್ಜಿ, ಎಂದರೆ ಚಿಕ್ಕಮ್ಮನ ಅಮ್ಮ, ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಎರಡು ಪಾಳಿ ಒಟ್ಟಿಗೆ ಬಿದ್ದ ದಿನ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಹಿಂದಿನ ಸಂಜೆಯೇ ಮಕ್ಕಳನ್ನು ಕೂರಿಸಿ, ಸಾಕು ಎಂದರೂ ಬಿಡದೆ ಉಣ್ಣಿಸುತ್ತಿದ್ದರು. ಚಿಕ್ಕಮ್ಮ ಕೋಶಗಳ ಕೋಣೆಗೆ ಬಂದ ಮೊದಲ ವಾರ, ಮೂರನೆಯ ದಿನ ಸಂಜೆ ಮನೆಗೆ ಹೊರಡುವಾಗ ಪೆಟ್ಟಿಗೆಯ ಗಾಜಿನಲ್ಲಿ ಇಣುಕಿ ನೋಡಿದಳು. ಮರುದಿನ ಬೆಳಿಗ್ಗೆ ಉಪವಾಸಕ್ಕೆ ಬೀಳಬೇಕಾದ, ತಾನೇ ಬೆಳೆಸಿದ ಡಿಶ್‌ಗಳೆಲ್ಲ ಹಳದಿ. ಎಂಜಲು ತಟ್ಟೆ ಹಾಗೇ ಬಿಟ್ಟು ಹೋಗುವುದು ಅವಳಿಂದಾಗಲಿಲ್ಲ. ಅಕ್ಕಪಕ್ಕ ನೋಡಿ, ಹಳೆಯದನ್ನು ಹೀರಿ ತೆಗೆದು, ಎಲ್ಲಕ್ಕೂ ಹೊಸ ಕೆಂಪು ಮೀಡಿಯಾ ಹಾಕಿ ಬಸ್ಸಿಗೆ ಓಡಿದಳು. ಮುಂದಿನ ವಾರವೂ ಹಾಗೇ ಮಾಡಿದಳು. ಅದು ಶೀಟಿನಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಬಿಡದೆ ಮಾಡಿದ್ದಳು. ಮುಟ್ಟಬೇಡಿಯ ಡಿಶ್‌ಗಳ ಹಳದಿ ಕಣ್ಣಿಗೆ ಚುಚ್ಚಿದಾಗಲೂ "ಬರೆದಿದೆಯಲ್ಲ, ಮುಟ್ಟಬೇಡಿ ಅಂತ" ಎಂದುಕೊಂಡು ಮುಖ ತಿರುಗಿಸಿದ್ದಳು, ಮತ್ತು ಮುಖ ತಿರುಗಿಸುವಾಗ ಸ್ವಲ್ಪ ಖುಷಿಯೂ ಆಗಿತ್ತು.

ಈಗ ಅರ್ಥವಾಯಿತು. ಹುಡುಗಿಯ ಊಟದ ಡಿಶ್‌ನಲ್ಲಿ ಊಟವೇ ಇರಲಿಲ್ಲ. ನಾಲ್ಕು ದಿನದ ಎಂಜಲಿನಲ್ಲಿ ಕೂತ ಕೋಶಗಳು ಅದಾಗಲೇ ಹಸಿದು ತಮ್ಮ ಕುರ್ಚಿ ಕಡಿಯಲು ಶುರು ಮಾಡಿದ್ದವು. ಹದಿನೇಳು ಇಲ್ಲದ ಕಡೆ ಅದೂ ಆಗದೆ ಸತ್ತವು. ಎರಡು ಡಿಶ್ ಉಪವಾಸ, ಎರಡು ಅರ್ಧ ಉಪವಾಸ. ಹೊಟ್ಟೆ ತುಂಬಿದ್ದು ಒಂದೂ ಇಲ್ಲ.

ಅವಳು ಚಿಕ್ಕಪ್ಪನಿಗೆ ಎಲ್ಲ ಹೇಳಿದಳು. ಅವನು ಐದನೆಯ ಮೊಟ್ಟೆ ನುಂಗಿ, "ಅಂದ್ರೆ ನಿನ್ನ ಕೈಗುಣ ಅಂದ್ರೆ ಇಷ್ಟೇನಾ? ಸಾಯಂಕಾಲದ ಊಟ?" ಎಂದು ನಕ್ಕ.

"ನಗಬೇಡ್ರೀ. ಹೇಳಿದ್ರೆ ಕೀಲಿ ಹೋಗುತ್ತೆ."

"ಹೇಳದಿದ್ರೆ?"

"ಹುಡುಗಿ ಹೋಗ್ತಾಳೆ."

ಚಿಕ್ಕಪ್ಪನ ನಗು ನಿಂತಿತು. ಆರನೆಯ ಮೊಟ್ಟೆಯನ್ನು ಅವಳ ಕಡೆ ಸರಿಸಿದ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ.

ಎರಡು ದಿನ ಚಿಕ್ಕಮ್ಮ ಬಾಯಿ ಬಿಡಲಿಲ್ಲ. ಈ ಎರಡು ದಿನವನ್ನು ಬರೆಯಬೇಡ ಎಂದು ಅವಳು ಹೇಳಲಿಲ್ಲ, ಆದ್ದರಿಂದ ಬರೆದಿದ್ದೇನೆ. ಹೇಳದೆಯೇ ದಾರಿ ಹುಡುಕಿದಳು. ಮುಟ್ಟಬೇಡಿ ಆರನೆಯ ಸಲ ಡಿಶ್ ಇಟ್ಟಾಗ ಕದ್ದು ಊಟ ಹಾಕಿಬಿಟ್ಟರೆ? ಹುಡುಗಿ ಗೆಲ್ಲುತ್ತಾಳೆ, ಕೀಲಿಯೂ ಉಳಿಯುತ್ತದೆ, ಕೈಗುಣವೂ ಉಳಿಯುತ್ತದೆ. ಮೂರನೆಯ ದಿನ ಸಂಜೆ ಬಾಟಲಿ ಬಿಸಿ ಮಾಡಿ ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಾಗಿಲನ್ನೂ ತೆರೆದಳು. ನಾಲ್ಕೂ ಡಿಶ್‌ಗಳ ಮೇಲೆ ಅದೇ ದಪ್ಪ ಅಕ್ಷರ. ಆ ಹುಡುಗಿ ತನ್ನ ಕೈಯಿಂದಲೇ ಆಗಬೇಕೆಂದು ಐದು ತಿಂಗಳು ಹಲ್ಲು ಕಚ್ಚಿದ್ದು ಇದಕ್ಕಾಗಿ ಅಲ್ಲ ಎಂದು ಅನ್ನಿಸಿತು. ಬಾಗಿಲು ಮುಚ್ಚಿ, ಬಾಟಲಿ ಹಿಡಿದುಕೊಂಡೇ ಅವಳ ಬೆಂಚಿಗೆ ಹೋದಳು.

"ಏನೇ, ನಿನ್ನ ಸೆಲ್ಲುಗಳಿಗೆ ಊಟ ಹಾಕು ಬಾ."

"ಈಗಲೇನಾ? ಶೀಟಲ್ಲಿ ಇಲ್ವಲ್ಲ ಅಕ್ಕಾ."

"ಶೀಟಲ್ಲಿ ಇಲ್ಲ. ನನ್ನಲ್ಲಿದೆ." ಆಮೇಲೆ ನಿಲ್ಲದೆ ಎಲ್ಲವನ್ನೂ ಹೇಳಿದಳು.

ಮುಟ್ಟಬೇಡಿ ಪೆನ್ನು ಕೆಳಗಿಟ್ಟು, "ಐದು ತಿಂಗಳು ಅಕ್ಕಾ," ಎಂದಳು.

"ಹೂಂ."

"ಹಳದಿ ನೋಡಿಯೂ ಹೇಳ್ಲಿಲ್ವಾ?"

"ನೀನು ಮುಟ್ಟಬೇಡಿ ಅಂತ ಬರೆದಿದ್ದೆ."

"ಮುಟ್ಟಬೇಡಿ ಅಂತ ಬರೆದಿದ್ದೆ. ಮಾತಾಡಬೇಡಿ ಅಂತ ಬರೆದಿರ್ಲಿಲ್ಲ!"

ಹುಡುಗಿ ಬಾಟಲಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಕೋಣೆಗೆ ನಡೆದಳು, ನಾಲ್ಕಕ್ಕೂ ತಾನೇ ಊಟ ಹಾಕಿದಳು. ಮರುದಿನ ಸಂಜೆ ಎಣಿಸಿದಾಗ ಒಂದೇ ಸತ್ತಿತ್ತು. ಅವಳು ಎರಡನೆಯ ಸಲ, ಮೂರನೆಯ ಸಲ ಅದೇ ಡಿಶ್‌ಗಳನ್ನೇ ಎಣಿಸಿದಳು. ಆಮೇಲೆ ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದು, ಬಿಸ್ಕತ್ತು ಪೊಟ್ಟಣವನ್ನು ಸಿಂಕಿನ ಪಕ್ಕ ಎಸೆದು ಹೋದಳು. ಅದನ್ನು ಕ್ಷಮೆ ಎಂದು ತಿಳಿಯಬೇಕೋ ಬೈಗುಳ ಎಂದೋ ಗೊತ್ತಾಗದೆ ಚಿಕ್ಕಮ್ಮ ಅರ್ಧ ಪೊಟ್ಟಣ ಮಾತ್ರ ತಿಂದಳು.

ಉಳಿದದ್ದು ಸರ್. ಮರುದಿನ ಇಬ್ಬರೂ ಅವರ ಕೋಣೆಗೆ ಹೋದರು. ಸರ್ ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು ಸರ್."

"ಒಬ್ಬರಿಗೂ ಹೇಳ್ಲಿಲ್ವೇನಮ್ಮ?"

"ಹೇಳಿದ್ರೆ ಕೀಲಿ ಕೇಳ್ತಿದ್ರಿ ಸರ್."

"ಆ ಮೂರು ಲ್ಯಾಬಿನವರಿಗೆ ನಾನು ಏನು ಉತ್ತರ ಬರೆದೆ ಗೊತ್ತಾ?"

"ಅಭ್ಯಾಸ ಮಾಡಿ ಅಂತ."

ಸರ್ ಅವರ ಮುಖ ಕೆಂಪಾಯಿತು, ಕಿತ್ತಳೆಯಾಯಿತು. ಹಳದಿಯಾಗುವುದನ್ನು ನೋಡಲು ಚಿಕ್ಕಮ್ಮ ನಿಲ್ಲಲಿಲ್ಲ. ಕೊರಳಿನಿಂದ ನೀಲಿ ದಾರ ತೆಗೆದು ಕೀಲಿಯನ್ನು ಟೇಬಲ್ಲಿನ ಮೇಲಿಟ್ಟಳು. ಸರ್ ಅದನ್ನು ಡ್ರಾಯರಿಗೆ ಹಾಕಿಕೊಂಡರು. "ಇವತ್ತಿಂದ ಗಾಜು ತೊಳೀರಿ. ಯೋಚನೆ ಮಾಡ್ತೀನಿ," ಎಂದರು.

ನಾಲ್ಕು ದಿನ ಅವಳು ಗಾಜು ತೊಳೆದಳು. ಕೊರಳು ಬರಿದಾದದ್ದು ನೋಡಿ ಚಿಕ್ಕಪ್ಪ ಉಪವಾಸವನ್ನೂ ಬಿಟ್ಟ. ಮೊದಲ ದಿನ ಹುಡುಗಿಯ ಜೊತೆ ಇನ್ನೊಬ್ಬ ಹುಡುಗ ಕೋಣೆ ತೆರೆಯಲು ಹೋಗಿ, ಬಾಗಿಲು ಅಲುಗದೆ, ಕಾವಲಿನವನನ್ನು ಕರೆಸಿ ಕಿಟಕಿ ಕಡೆಯಿಂದ ಒಳಗಿಳಿದನಂತೆ. ಎರಡನೆಯ ಸಲದ ಪ್ರಯೋಗ ನಡೆಯುತ್ತಿತ್ತು. ಆ ಡಿಶ್‌ಗಳಿಗೆ ಊಟ ಹಾಕಬೇಕಾದ ಸಂಜೆ ಬಂತು. ಚಿಕ್ಕಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಕಾರಿಡಾರಿನಲ್ಲಿ ನಿಂತಳು. ಕೋಣೆಯ ಮುಂದೆ ಮುಟ್ಟಬೇಡಿ ಬಿಸಿ ಬಾಟಲಿ ಹಿಡಿದು ನಿಂತಿದ್ದಾಳೆ, ಸರ್ ಸ್ವತಃ ಕೀಲಿ ತಿರುಗಿಸುತ್ತಿದ್ದಾರೆ. ಕೀಲಿ ತಿರುಗುತ್ತದೆ, ಬಾಗಿಲು ತೆರೆಯುವುದಿಲ್ಲ. ಸರ್ ತಳ್ಳಿದರು, ಎಳೆದರು, ಹುಡುಗಿ ಪಕ್ಕದಲ್ಲಿರುವುದನ್ನೂ ಮರೆತು ಕಾಲಿನಿಂದ ಒದ್ದರು.

"ಹಿಡಿ ಮೇಲಕ್ಕೆ ಎತ್ತಿ, ಭುಜ ಕೊಟ್ಟು ತಳ್ಳಬೇಕು ಸರ್," ಎಂದಳು ಚಿಕ್ಕಮ್ಮ.

ಸರ್ ತಿರುಗಿದರು. "ಇದೂ ಎಲ್ಲೂ ಬರೆದಿಲ್ವಾ?"

"ಡಿಶ್ ಮುಟ್ಟಬಾರ್ದು ಅಂದಿದ್ರಿ. ಬಾಗಿಲ ವಿಷಯ ಏನೂ ಅಂದಿರ್ಲಿಲ್ಲ."

ಮುಟ್ಟಬೇಡಿ ಮೊದಲು ನಕ್ಕಳು. ಅವಳು ನಕ್ಕದ್ದನ್ನು ಲ್ಯಾಬಿನವರು ನೋಡಿ ಆರು ತಿಂಗಳಾಗಿತ್ತು. ಸರ್ ನಗಲಿಲ್ಲ, ಆದರೆ ಕೀಲಿಯನ್ನು ದಾರದ ಸಮೇತ ಚಿಕ್ಕಮ್ಮನ ಕಡೆ ಚಾಚಿದರು. "ಒಂದು ಷರತ್ತು. ಹೇಳದೆ ಇನ್ನೇನೇನು ಮಾಡ್ತೀರೋ ಎಲ್ಲಾ ಇವಳಿಗೆ ಬರೆಸಬೇಕು. ಎಲ್ಲಾ ಅಂದ್ರೆ ಎಲ್ಲಾ."

ಬರೆಸಲು ಒಂದು ವಾರ ಹಿಡಿಯಿತು. ಒಟ್ಟು ಹದಿನಾಲ್ಕು ಸಂಗತಿ ಸಿಕ್ಕವು. ಬಾಟಲಿಯನ್ನು ಅಲುಗಿಸದೆ ಓರೆ ಮಾಡುವುದು, ಡಿಶ್‌ನ ಅಂಚಿಗೆ ಮಾತ್ರ ಮೀಡಿಯಾ ಬಿಡುವುದು, ಫ್ಯಾನಿನ ಕೆಳಗೆ ಎಂದೂ ಇಡದಿರುವುದು. ಹನ್ನೊಂದನೆಯದು ಪೆಟ್ಟಿಗೆ ಮುಚ್ಚುವಾಗ "ಬರ್ತೀನಿ" ಎನ್ನುವುದು. ಮುಟ್ಟಬೇಡಿ ಅದನ್ನೂ ಬರೆದುಕೊಂಡಳು, ಪರೀಕ್ಷಿಸಿ ನೋಡಿದಳು, ವ್ಯತ್ಯಾಸವಿಲ್ಲ ಎಂದು ಷರಾ ಹಾಕಿದಳು. ಎರಡನೆಯ ಪ್ರಯೋಗವೂ ಸರಿಯಾಗಿ ಬಂತು. ಸಮಿತಿಯವರು ಅವಳನ್ನು ಒಂದೂವರೆ ಗಂಟೆ ಕೂರಿಸಿ ಕೇಳಿದರು, ಮುಂದುವರಿ ಎಂದರು. ಸರ್ ಮೂರು ಲ್ಯಾಬಿಗೂ ಕಾಗದ ಬರೆದರು. ಅದರಲ್ಲಿ ಕ್ಷಮಿಸಿ ಎಂಬ ಪದ ಇತ್ತೋ ಇಲ್ಲವೋ ಯಾರಿಗೂ ತಿಳಿಯದು.

ಕೈಗುಣ ಹೋಯಿತು. ಈಗ ಯಾರು ಬೆಳೆಸಿದರೂ ಕೋಶಗಳು ಚೆನ್ನಾಗಿಯೇ ಇರುತ್ತವೆ, ಬಿಸ್ಕತ್ತು ತರುವವರಿಲ್ಲ. ಚಿಕ್ಕಮ್ಮ ಒಂದು ತಿಂಗಳು ಸಪ್ಪಗಿದ್ದಳು. "ಮೊದಲೆಲ್ಲ ಅಕ್ಕಾ ಅಕ್ಕಾ ಅಂತ ಹಿಂದೆ ಬರ್ತಿದ್ದವರು, ಈಗ ಶೀಟು ನೋಡ್ಕೋತಾರೆ," ಎಂದು ಗೊಣಗುತ್ತಿದ್ದಳು. ಚಿಕ್ಕಪ್ಪ ಅವಳು ಮಾಡಿದ ಟೀಯನ್ನು ಒಂದು ದಿನ ಹೊಗಳಿ ನೋಡಿದ. ಅವಳು ನಂಬಲಿಲ್ಲ.

ಹೊಸ ಶೀಟಿಗೆ ಪ್ಲಾಸ್ಟಿಕ್ ಹೊದಿಸುವ ಮುಂಚೆ ಮುಟ್ಟಬೇಡಿ ಅದನ್ನು ಅವಳಿಗೆ ಓದಿ ಹೇಳಿದಳು. ನಾಲ್ಕನೆಯ ಸಾಲು: ಮೂರನೆಯ ದಿನ ಸಂಜೆ ಐದೂವರೆಗೆ ಎಲ್ಲ ಡಿಶ್‌ಗಳಿಗೂ ಹೊಸ ಮೀಡಿಯಾ.

"ಐದೂವರೆ ಅಲ್ಲ, ಐದೂಕಾಲು," ಎಂದಳು ಚಿಕ್ಕಮ್ಮ.

"ಯಾಕಕ್ಕಾ? ಹದಿನೈದು ನಿಮಿಷದಲ್ಲಿ ಏನಾದ್ರೂ ಬದಲಾಗುತ್ತಾ?"

"ಐದೂ ನಲವತ್ತಕ್ಕೆ ನನ್ನ ಬಸ್ಸು."

ಹುಡುಗಿ ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಐದೂಕಾಲರಿಂದ ಮರುದಿನ ಬೆಳಿಗ್ಗೆ ಉಪವಾಸ ಶುರುವಾಗುವ ಒಂಬತ್ತೂಕಾಲಕ್ಕೆ ಹದಿನಾರು ಗಂಟೆ. ಟಿಪ್ಪಣಿ ತೆಗೆದು ನೋಡಿದರೆ ತಾನು ಗೆದ್ದ ಎರಡೂ ಸಲ ಆ ಹೊತ್ತೇ ಇದ್ದದ್ದು, ಬದಲಾಯಿಸುವ ಧೈರ್ಯ ಅವಳಿಗಿರಲಿಲ್ಲ. "ಉಪವಾಸಕ್ಕೆ ಹದಿನಾರು ಗಂಟೆ ಮೊದಲು" ಎಂದು ತಿದ್ದಿದಳು. ಪತ್ರಿಕೆಯಲ್ಲಿ ಅಚ್ಚಾದದ್ದೂ ಹಾಗೆಯೇ. ಆ ಮೂರು ಲ್ಯಾಬುಗಳಲ್ಲಿ ಈಗ ಕೋಶಗಳಿಗೆ ಗಡಿಯಾರ ನೋಡಿ ಸರಿಯಾಗಿ ಹದಿನಾರು ಗಂಟೆ ಮೊದಲು ಊಟ ಹಾಕುತ್ತಾರಂತೆ. ಚಿಕ್ಕಪ್ಪ ಇದನ್ನು ಕೇಳಿ, ಹದಿನಾರು ಎಂದು ಫೋನು ಹೇಳಿದ್ದು ಸುಳ್ಳಲ್ಲವೆಂದು ಮತ್ತೆ ಉಪವಾಸ ಶುರು ಮಾಡಿದ್ದಾನೆ.